ಬೋಗಿಯ ಮೇಲೆ ನಮ್ಮಪ್ಪನ ಕೈ

ಈ ಬೆಳಿಗ್ಗೆ ಒಗ್ಗರಣೆ ಡಬ್ಬಿಯ ಸಾಸಿವೆ ಬಟ್ಟಲಲ್ಲಿ ಒಂದು ರೈಲುಗಾಲಿ ಸಿಕ್ಕಿತು. ಗಾಬರಿಯಾಗಬೇಡಿ, ಕಡಲೆಕಾಳಿಗಿಂತ ತುಸು ದೊಡ್ಡದಷ್ಟೇ. ಎಣ್ಣೆ ಕಾದಿತ್ತು, ಸಾಸಿವೆಗೆ ಚಮಚ ಹಾಕಿದರೆ ಟಣ್ ಎಂದಿತು. ಬೇರೆ ಮನೆಯ ಹೆಂಗಸಾಗಿದ್ದರೆ ಕಲ್ಲು ಬಂದಿದೆ ಎಂದು ಅಂಗಡಿಯವನಿಗೆ ಹಿಡಿಶಾಪ ಹಾಕುತ್ತಿದ್ದಳು. ನಾನು ಅದನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ‘ಒಳಗೆ ಕಡ್ಡಿಗಳಿವೆ, ಇದು ಹಳೇ ಗೂಡ್ಸ್ ಗಾಡಿಯದು, ಪ್ಯಾಸೆಂಜರಿನದಲ್ಲ’ ಎಂದುಕೊಂಡೆ. ಹಾಗೆಂದುಕೊಂಡ ಮೇಲೆ ನನ್ನ ಮೇಲೆ ನನಗೇ ಮರುಕ ಹುಟ್ಟಿತು.

ಗಾಲಿ ಸಾಸಿವೆಗೆ ಬಂದ ದಾರಿ ಸರಳವಾಗಿದೆ. ನಮ್ಮವರು ಹಿತ್ತಾಳೆ ಗಾಲಿಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ತೊಳೆಯುತ್ತಾರೆ. ತೊಳೆಯಲು ಅಡುಗೆಮನೆಯೇ ಆಗಬೇಕು, ಒಣಗಿಸಲು ಒಲೆಯ ಪಕ್ಕದ ಕಟ್ಟೆಯೇ ಆಗಬೇಕು. ಆಮೇಲೆ ಒಂದು ಗಾಲಿ ಕಡಿಮೆ ಬಂದರೆ ಮನೆಗೆ ಕನ್ನ ಬಿದ್ದವರ ಮುಖ ಮಾಡಿಕೊಂಡು ಕೂರುತ್ತಾರೆ. ನನ್ನ ತಲೆಪಿನ್ನುಗಳು ಕಾಣೆಯಾದಾಗ ಮಾತ್ರ ಆ ಮುಖ ಬರುವುದಿಲ್ಲ. ಅವು ಎಲ್ಲಿ ಹೋಗಿವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ; ಬೋಗಿಯ ಬಾಗಿಲಿಗೆ ಹಿಡಿಕೆಗಳಾಗಿ ಬಡ್ತಿ ಪಡೆದಿರುತ್ತವೆ.

ಮಾಡೆಲ್ ರೈಲ್ವೆ ಎಂದರೆ ಆಟಿಕೆ ರೈಲು ಎಂದು ತಿಳಿಯಬೇಡಿ. ತಿಳಿದರೂ ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳಬೇಡಿ. ಪಕ್ಕದ ಮನೆಯವರು ಒಮ್ಮೆ ‘ನಿಮ್ಮ ಟಾಯ್ ಟ್ರೈನ್ ತೋರಿಸ್ರಿ’ ಎಂದು ಬಾಯಿ ತಪ್ಪಿ ಅಂದದ್ದಕ್ಕೆ ನಮ್ಮವರು ಅವರ ಗೃಹಪ್ರವೇಶದ ಊಟಕ್ಕೂ ಹೋಗಲಿಲ್ಲ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಮಹಡಿ ಮೇಲೊಂದು ಕೋಣೆಯಿದೆ. ಕಟ್ಟಿಸುವಾಗ ಅದು ಬಂದ ನೆಂಟರಿಗೆ ಎಂದಿದ್ದರು. ಈಗ ಅಲ್ಲಿ ಗೋಡೆಯಿಂದ ಗೋಡೆಗೆ ಮೇಜು, ಮೇಜಿನ ಈ ತುದಿಗೆ ಮೀಟರ್‌ಗೇಜ್ ಕಾಲದ ದಾವಣಗೆರೆ ಸ್ಟೇಷನ್ನು, ಆ ತುದಿಗೆ ಹರಿಹರ. ಹರಿಹರದ ಆಚೆ ತುಂಗಭದ್ರೆ ಹರಿಯುವಷ್ಟು ಮೇಜು ಉಳಿದಿಲ್ಲವಾದ್ದರಿಂದ ಹೊಳೆ ಗೋಡೆಯ ಆಚೆ ಇದೆ ಎಂದು ನಾವು ಭಾವಿಸಿಕೊಳ್ಳಬೇಕು. ನೆಂಟರು ಹಾಲಿನಲ್ಲಿ ಚಾಪೆಯ ಮೇಲೆ ಮಲಗುತ್ತಾರೆ, ಹರಿಹರ ಸ್ಟೇಷನ್ನು ಫ್ಯಾನಿನ ಕೆಳಗೆ ಸುಖವಾಗಿದೆ.

ಪ್ರತಿ ಭಾನುವಾರ ಈ ರೈಲ್ವೆಯ ಆಡಳಿತ ಮಂಡಳಿ ಸೇರುತ್ತದೆ. ಒಬ್ಬರು ನಮ್ಮವರು, ಸಹಕಾರ ಸಂಘದ ಕಚೇರಿಯಲ್ಲಿದ್ದು ನಿವೃತ್ತರಾದವರು. ಇನ್ನೊಬ್ಬರು ಅವರ ಬಾಲ್ಯದ ಗೆಳೆಯ, ಹರಿಹರದಲ್ಲಿ ಫರ್ನಿಚರ್ ಅಂಗಡಿ ಇಟ್ಟಿರುವ ರಫೀಕ್ ಸಾಹೇಬರು. ಮೂರನೆಯವರು ದೇವರಾಜ ಅರಸು ಬಡಾವಣೆಯ ಹಲ್ಲಿನ ಡಾಕ್ಟರು. ಜನರ ದವಡೆಯಲ್ಲಿ ಆಡುವ ಮಿಷನ್ನಿನಲ್ಲಿಯೇ ಬೋಗಿಗೆ ತೂತು ಕೊರೆಯುತ್ತಾರೆ. ಪೇಷಂಟುಗಳಿಗೂ ಬೋಗಿಗಳಿಗೂ ಬೇರೆ ಬೇರೆ ಸೂಜಿ ಎಂದು ಆಣೆ ಮಾಡಿ ಹೇಳುತ್ತಾರೆ, ಆದರೂ ನಾನು ಹಲ್ಲುನೋವಿಗೆ ಬೇರೆ ಕಡೆ ಹೋಗುತ್ತೇನೆ. ಈ ಮೂವರಲ್ಲಿ ಒಬ್ಬರೂ ರೈಲ್ವೆಯಲ್ಲಿ ಒಂದು ದಿನ ಕೆಲಸ ಮಾಡಿದವರಲ್ಲ. ಮಾಡಿದ್ದರೆ ಭಾನುವಾರವಾದರೂ ರೈಲಿನ ಮುಖ ನೋಡದೆ ಮನೆಯಲ್ಲಿ ಮಲಗಿರುತ್ತಿದ್ದರು.

ಇವರ ಮಾತಿನ ಸೊಗಸು ಕೇಳಬೇಕು. ‘ಮೊನ್ನೆ ಮಗಳನ್ನ ಕಳಿಸೋಕೆ ಹೋಗಿದ್ದೆ’ ಎಂದು ಡಾಕ್ಟರು ಶುರು ಮಾಡಿದರೆ ಉಳಿದಿಬ್ಬರು ಮಗಳು ಹೇಗಿದ್ದಾಳೆ ಎಂದು ಕೇಳುವುದಿಲ್ಲ. ‘ಎಂಜಿನ್ ಯಾವುದು ಹಾಕಿದ್ರು’ ಎಂದು ಕೇಳುತ್ತಾರೆ. ಯಾವ ಶೆಡ್ಡಿನ ಎಂಜಿನ್, ಬೋಗಿಗಳು ಹಳೇ ನಮೂನೆಯವೋ ಹೊಸ ನಮೂನೆಯವೋ, ಗಾರ್ಡಿನ ಡಬ್ಬಿ ಮುಂದಿತ್ತೋ ಹಿಂದಿತ್ತೋ, ಎಲ್ಲವೂ ಹೊರಬರುತ್ತದೆ. ಮಗಳು ಊರು ಮುಟ್ಟಿದಳೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮವರೂ ಕಡಿಮೆಯಿಲ್ಲ. ಗೇಟು ಹಾಕಿದರೆ ಇಡೀ ದಾವಣಗೆರೆ ಹಾರ್ನ್ ಹೊಡೆದು ಶಪಿಸುತ್ತದೆ, ಇವರೊಬ್ಬರು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ತೃಪ್ತಿಯಿಂದ ನಿಲ್ಲುತ್ತಾರೆ. ಹಿಂದೆ ಕೂತ ನಾನು ಮಾರ್ಕೆಟ್ಟಿನ ಸೊಪ್ಪಿನ ಜೊತೆ ಬಾಡುತ್ತಿರುತ್ತೇನೆ. ನಂದಿಗುಡಿ ಮಠಕ್ಕೆ ಹೋಗುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿರುತ್ತಾರೆ, ಏಕೆಂದರೆ ಅಲ್ಲಿಗೆ ಹಳಿಯಿಲ್ಲ. ನನ್ನ ತಂಗಿಯನ್ನು ಕರೆದುಕೊಂಡು ಬನ್ನಿ ಎಂದು ಒಮ್ಮೆ ಸ್ಟೇಷನ್ನಿಗೆ ಕಳಿಸಿದ್ದೆ. ಅವಳು ಕೊನೆಯ ಬೋಗಿಯಿಂದಿಳಿದು, ಕಾದು, ಆಟೋ ಮಾಡಿಕೊಂಡು ಬಂದು, ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡ ಮೇಲೆ ಇವರು ಬಂದರು. ಬಂದವರು ಸಂತೋಷದಲ್ಲಿದ್ದರು. ಎಂಜಿನ್ನಿನ ಒಳ್ಳೊಳ್ಳೆಯ ಫೋಟೋ ಸಿಕ್ಕಿದ್ದವಂತೆ.

ಮಹಡಿ ಕೋಣೆಗೊಂದು ಕಾನೂನಿದೆ. ಸಾಕ್ಷಿಯಿಲ್ಲದೆ ಬಣ್ಣ ಬಳಿಯುವಂತಿಲ್ಲ. ಬೋಗಿ ಯಾವುದೇ ಇರಲಿ, ಅದರ ಪ್ರತಿಯೊಂದು ಕಿಟಕಿ, ಕೊಕ್ಕೆ, ಅಕ್ಷರಕ್ಕೂ ಹಳೆಯ ಫೋಟೋ ತೋರಿಸಬೇಕು. ಫೋಟೋದಲ್ಲಿ ಕಾಣದ ಭಾಗವನ್ನು, ಬಣ್ಣಕ್ಕೆ ಮೊದಲು ಬಳಿಯುವ ಬೂದಿ ಬಣ್ಣದ ಅಸ್ತರಿನಲ್ಲಿ ಹಾಗೆಯೇ ಬಿಡಬೇಕು. ಊಹೆ ಮಾಡಿ ತುಂಬಿಸುವುದು ಈ ಕೋಣೆಯಲ್ಲಿ ಮಹಾಪಾಪ. ಈ ಕಾನೂನು ಮಾಡಿದವರು ರಫೀಕ್ ಸಾಹೇಬರು. ಒಂದು ವ್ಯಾಗನ್ನಿನ ಮೊಳೆಗಳ ಸಾಲು ಒಂದೋ ಎರಡೋ ಎಂಬ ವಿಷಯಕ್ಕೆ ಅವರು ನಮ್ಮವರ ಜೊತೆ ಒಂದು ಮಳೆಗಾಲ ಪೂರ್ತಿ ಮಾತು ಬಿಟ್ಟಿದ್ದರು. ಭಾನುವಾರ ಬರುವುದನ್ನು ಮಾತ್ರ ಬಿಟ್ಟಿರಲಿಲ್ಲ. ಬಂದು, ಕೂತು, ಮಂಡಕ್ಕಿ ಮಿರ್ಚಿ ತಿಂದು, ಏನಾದರೂ ಹೇಳಬೇಕಾದರೆ ನನ್ನ ಮೂಲಕ ಹೇಳಿಸುತ್ತಿದ್ದರು.

ಇಂಥ ಕಾನೂನಿನ ಕೈಗೆ ನನ್ನ ಮದುವೆಯ ಫೋಟೋ ಸಿಕ್ಕಿಬಿತ್ತು.

ಅದೊಂದು ವಿಚಿತ್ರ ಫೋಟೋ. ನನ್ನ ಮದುವೆಯ ದಿನದ್ದು, ಆದರೆ ಅದರಲ್ಲಿ ಮದುಮಗನಿಲ್ಲ. ನಾನು ದಾವಣಗೆರೆಯವಳು, ನಮ್ಮವರು ಹರಿಹರದವರು. ನಡುವೆ ಹದಿನಾಲ್ಕು ಕಿಲೋಮೀಟರು. ಹೆಣ್ಣು ಒಪ್ಪಿಸಿಕೊಂಡು ಹೋಗಲು ಊರಿನವರೆಲ್ಲ ಕಾರು, ಮೆಟಡೋರು ಮಾಡುತ್ತಿದ್ದ ಕಾಲ. ಇವರು ಪ್ಯಾಸೆಂಜರ್ ಗಾಡಿಯಲ್ಲೇ ಹೋಗೋಣ ಎಂದು ಹಟ ಹಿಡಿದರು. ಸರಳ ಮನುಷ್ಯ, ದುಂದು ಇಲ್ಲ ಎಂದು ನಮ್ಮ ಕಡೆಯವರು ಹೊಗಳಿದ್ದೇ ಹೊಗಳಿದ್ದು. ಸ್ಟೇಷನ್ನಿಗೆ ಬಂದ ಮೇಲೆ ನನ್ನನ್ನು ಕಿಟಕಿ ಪಕ್ಕ ಕೂರಿಸಿ, ‘ಒಂದ್ನಿಮಿಷ’ ಎಂದು ಹೇಳಿ ಬಾಸಿಂಗದ ಸಮೇತ ಎಂಜಿನ್ ನೋಡಲು ಹೋದರು. ಆ ಹೊತ್ತಿಗೆ ನಮ್ಮವರ ಚಿಕ್ಕಪ್ಪನ ಮಗ ಕ್ಯಾಮೆರಾದಲ್ಲಿ ಉಳಿದಿದ್ದ ಕೊನೆಯ ಫಿಲ್ಮನ್ನು ಖಾಲಿ ಮಾಡಲೆಂದು ಒಂದು ಫೋಟೋ ಹೊಡೆದ. ಕಿಟಕಿಯಲ್ಲಿ ಅತ್ತು ಮೂಗು ಕೆಂಪಾದ ನಾನು. ಕೆಳಗೆ ಪ್ಲಾಟ್‌ಫಾರಂ ಮೇಲೆ ನಮ್ಮಪ್ಪ. ಮನೆಯ ದನದ ಬೆನ್ನ ಮೇಲೆ ಕೈಯಿಟ್ಟವರ ಹಾಗೆ ಬೋಗಿಯ ಮೇಲೆ ಅಂಗೈ ಚಾಚಿ ಇಟ್ಟುಕೊಂಡು ನಿಂತಿದ್ದಾನೆ.

ನಮ್ಮಪ್ಪನದು ಮಂಡಕ್ಕಿ ಹುರಿಯುವ ಭಟ್ಟಿ. ಫೋಟೋ ಎಂದರೆ ಓಡಿಹೋಗುತ್ತಿದ್ದ. ಮದುವೆಯ ಆಲ್ಬಮ್ಮಿನಲ್ಲಿ ಊರವರೆಲ್ಲ ಇದ್ದಾರೆ, ಊಟಕ್ಕೆ ಮಾತ್ರ ಬಂದವರೂ ಇದ್ದಾರೆ, ಅಪ್ಪ ಇಲ್ಲ. ಅವನು ಅಡುಗೆಯವರ ಹತ್ತಿರ ಅನ್ನ ಬೆಂದಿದೆಯೋ ಎಂದು ನೋಡುತ್ತಿದ್ದ. ಹಾಗಾಗಿ ನನ್ನ ಹತ್ತಿರ ಇರುವ ಅಪ್ಪನ ಫೋಟೋ ಇದೊಂದೇ. ನಾನು ಅದನ್ನು ಕಟ್ಟು ಹಾಕಿಸಿ ದೇವರ ಕೋಣೆಯ ಬಾಗಿಲ ಪಕ್ಕ ತೂಗುಹಾಕಿದ್ದೆ. ಅಪ್ಪನಿಗೆ ದಿನಾ ಬೆಳಿಗ್ಗೆ ಒಂದು ಹೂವು.

ಅದೇ ಫೋಟೋದ ಮುಂದೆ ಒಂದು ಭಾನುವಾರ ಆಡಳಿತ ಮಂಡಳಿ ಕನ್ನಡಕ ಏರಿಸಿಕೊಂಡು ನಿಂತಿತ್ತು. ಅವರು ಆಗ ಅಂಥದ್ದೇ ಇಟ್ಟಿಗೆಗೆಂಪಿನ, ಆ ಕಾಲದ ಮೀಟರ್‌ಗೇಜ್ ಬೋಗಿಯೊಂದನ್ನು ಕಟ್ಟಲು ಹೊರಟಿದ್ದರಂತೆ. ‘ಎಷ್ಟು ಕ್ಲಿಯರ್ ಐತೆ ನೋಡ್ರಿ’ ಎಂದು ಡಾಕ್ಟರು ಮೆಚ್ಚಿಕೊಂಡಾಗ ನಾನು ಟೀ ತಟ್ಟೆ ಹಿಡಿದು ಹೆಮ್ಮೆಯಿಂದ ನಿಂತುಕೊಂಡೆ. ಮೂಗು ಕೆಂಪಾಗಿದ್ದರೂ ಆಗ ನೋಡುವಂತಿದ್ದೆ. ಅವರು ಮೆಚ್ಚಿದ್ದು ಕಿಟಕಿಯ ಸರಳುಗಳನ್ನು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಫೋಟೋದಲ್ಲಿ ಎಲ್ಲವೂ ಇತ್ತು. ಕೊರತೆ ಒಂದೇ. ಬೋಗಿಯ ಮೈಮೇಲೆ ಯಾವ ರೈಲ್ವೆಗೆ ಸೇರಿದ್ದು ಎಂದು ಅಕ್ಷರ ಬರೆದಿರುತ್ತಾರೆ, ಪಕ್ಕದಲ್ಲಿ ನಂಬರು ಇರುತ್ತದೆ. ನಂಬರಿನ ಬಾಲ ಕಾಣುತ್ತಿತ್ತು. ಅಕ್ಷರಗಳ ಮೇಲೆ ಸರಿಯಾಗಿ ನಮ್ಮಪ್ಪನ ಅಂಗೈ ಇತ್ತು.

ಆ ಕೈ ಕೆಳಗಿರುವುದು ದಕ್ಷಿಣ ರೈಲ್ವೆ ಎಂದು ನಮ್ಮವರು, ದಕ್ಷಿಣ ಮಧ್ಯ ರೈಲ್ವೆ ಎಂದು ರಫೀಕ್ ಸಾಹೇಬರು. ಡಾಕ್ಟರು ಯಾರು ಮಿರ್ಚಿ ತಂದರೋ ಅವರ ಪಕ್ಷ. ವಾದ ಏರಿದಾಗ ಅವರವರ ಪಾಂಡಿತ್ಯ ಹೊರಬರುತ್ತಿತ್ತು, ಹುಬ್ಬಳ್ಳಿಯ ಬೋಗಿಗಳು ಮೈಸೂರಿನ ಕಡೆ ಎಲ್ಲಿಯ ತನಕ ಬರುತ್ತಿದ್ದವು ಎಂಬುದರಿಂದ ಹಿಡಿದು ಬಾಗಿಲ ಮೂಲೆ ದುಂಡೋ ಚೌಕವೋ ಎಂಬುದರ ತನಕ. ಕೊನೆಗೆ ಎಲ್ಲರೂ ಒಮ್ಮತಕ್ಕೆ ಬರುತ್ತಿದ್ದುದು ಒಂದೇ ವಿಷಯದಲ್ಲಿ. ‘ಆ ಮನುಷ್ಯ ಅಲ್ಲೇ ಯಾಕ ಕೈ ಇಟ್ಟ’ ಎಂದು. ಆ ಮನುಷ್ಯ ನನ್ನ ತಂದೆ ಎಂದು ಒಮ್ಮೆ ನೆನಪಿಸಿದೆ. ಎಲ್ಲರೂ ಗೌರವದಿಂದ ತಲೆಯಾಡಿಸಿದರು. ಮುಂದಿನ ಭಾನುವಾರ ‘ಆ ಯಜಮಾನ್ರು ಅಲ್ಲೇ ಯಾಕ ಕೈ ಇಟ್ರು’ ಎಂದು ತಿದ್ದಿಕೊಂಡರು.

ನೀವು ನಮ್ಮವರನ್ನು ಕೇಳಬಹುದು, ಆ ಗಾಡಿಯಲ್ಲಿ ನೀವೇ ಇದ್ದಿರಲ್ಲ, ಅಕ್ಷರ ನೋಡಲಿಲ್ಲವೇ ಎಂದು. ರಫೀಕ್ ಸಾಹೇಬರೂ ಅದನ್ನೇ ಕೇಳಿದರು. ಇವರು ಎಂಜಿನ್ನಿನ ನಂಬರನ್ನು ಗಾಯತ್ರಿಯ ಹಾಗೆ ಒಪ್ಪಿಸಿದರು. ಬೋಗಿಯನ್ನು ನೋಡಿರಲಿಲ್ಲವಂತೆ. ಎಂಜಿನ್ನಿನ ಹತ್ತಿರ ಇದ್ದಾಗಲೇ ಗಾಡಿ ಬಿಟ್ಟಿದ್ದರಿಂದ ಮೊದಲ ಬೋಗಿಗೆ ಹಾರಿಕೊಂಡು, ಹರಿಹರದ ತನಕ ಅದರಲ್ಲೇ ಬಂದಿದ್ದರು. ಬಾಸಿಂಗ ಕಟ್ಟಿಕೊಂಡ ಮದುಮಗ ಒಂದು ಬೋಗಿಯಲ್ಲಿ, ಮದುಮಗಳು ಇನ್ನೊಂದರಲ್ಲಿ. ಹರಿಹರ ಸ್ಟೇಷನ್ನಿಗೆ ಹಾರ ಹಿಡಿದು ಬಂದಿದ್ದ ಗೆಳೆಯರ ಗುಂಪಿನಲ್ಲಿ ರಫೀಕ್ ಸಾಹೇಬರೂ ಇದ್ದರು. ಹಾರ ಯಾವ ಬೋಗಿಗೆ ಹಾಕಬೇಕು ಎಂದು ಅವರು ಓಡಾಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕೈಯ ಸಮಸ್ಯೆಗೆ ಡಾಕ್ಟರು ಪರಿಹಾರ ಕಂಡುಹಿಡಿದರು. ಅವರ ಹೊಸ ಮೊಬೈಲಿನಲ್ಲಿ ಫೋಟೋದಿಂದ ಬೇಡದ ವಸ್ತುಗಳನ್ನು ಅಳಿಸುವ ಸೌಲಭ್ಯವಿತ್ತು. ಗೋಡೆಯ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು, ಅಪ್ಪನ ಮೇಲೆ ಬೆರಳಾಡಿಸಿದರು. ಅಪ್ಪ ಹೋದ. ಅವನ ಹಿಂದಿನ ಬೋಗಿ ನಯವಾಗಿ ಹೊರಬಂತು, ಅಕ್ಷರಗಳೂ ಬಂದವು. ಮೂವರೂ ಮೊಬೈಲಿನ ಮೇಲೆ ಬಿದ್ದರು. ನೋಡಿದರೆ ಅವು ಕನ್ನಡವಲ್ಲ, ಹಿಂದಿಯಲ್ಲ, ಇಂಗ್ಲಿಷಲ್ಲ. ಹಲ್ಲಿ ಓಡಾಡಿದ ಗುರುತಿನಂತಿದ್ದವು. ‘ಇದು ಮಿಷನ್ನು ತಾನೇ ಊಹೆ ಮಾಡಿದ್ದು, ಸಾಕ್ಷಿ ಅಲ್ಲ’ ಎಂದು ರಫೀಕ್ ಸಾಹೇಬರು ತೀರ್ಪು ಕೊಟ್ಟರು. ಡಾಕ್ಟರು ಬೇಜಾರಿನಿಂದ, ಹಾಗಾದರೆ ಇದನ್ನು ತೆಗೆದುಹಾಕುತ್ತೇನೆ ಎಂದರು.

ನಾನು ತಟ್ಟೆ ಕೆಳಗಿಟ್ಟೆ. ಕಿಟಕಿಯಲ್ಲಿ ಅಳುತ್ತಿರುವ ನಾನು, ಎದುರಿಗೆ ಖಾಲಿ ಪ್ಲಾಟ್‌ಫಾರಂ. ಯಾರೂ ಬೀಳ್ಕೊಡಲು ಬಾರದ ಹೆಣ್ಣಿನ ಹಾಗೆ ಕಾಣುತ್ತಿದ್ದೆ. ನನಗೆ ಕೋಪವೂ ದುಃಖವೂ ಒಟ್ಟಿಗೆ ಬಂದು, ಏನು ಮಾತಾಡಿದೆನೋ ಪೂರ್ತಿ ನೆನಪಿಲ್ಲ. ಬೇಡದ ವಸ್ತು ಎಂದರೆ ಯಾವುದು ಎಂದು ಕೇಳಿದ್ದು ನೆನಪಿದೆ. ಗೋಡೆಯಿಂದ ಫೋಟೋ ತೆಗೆದು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆ ಭಾನುವಾರ ಟೀ ಆಗಲಿಲ್ಲ. ಎರಡು ಭಾನುವಾರ ಮೂವರೂ ಬೀದಿ ತುದಿಯ ಅಂಗಡಿಯಲ್ಲಿ ಟೀ ಕುಡಿದು, ಕಳ್ಳರ ಹಾಗೆ ಹಿಂದಿನ ಮೆಟ್ಟಿಲು ಹತ್ತಿದರು.

ಮೂರನೆಯ ಭಾನುವಾರ ರಫೀಕ್ ಸಾಹೇಬರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮೊಬೈಲಿನಲ್ಲಿ ಉಳಿದಿದ್ದ ಫೋಟೋ ನೋಡಿಕೊಂಡೇ ಬೋಗಿ ಮುಗಿಸಿದ್ದಾರಂತೆ. ಇಟ್ಟಿಗೆಗೆಂಪು ಬಣ್ಣವಾಗಿದೆ, ನಂಬರಿನ ಬಾಲ ಬರೆದಾಗಿದೆ, ಕಾನೂನಿನ ಪ್ರಕಾರ ಕೈಯಿದ್ದ ಜಾಗವನ್ನು ಬೂದಿ ಬಣ್ಣದಲ್ಲೇ ಬಿಟ್ಟಿದ್ದಾರೆ. ಅದು ಚರ್ಮರೋಗ ಬಂದಂತೆ ಕಾಣುತ್ತಿದೆ. ಆದ್ದರಿಂದ ಆ ಜಾಗಕ್ಕೆ ಫೋಟೋದಲ್ಲಿ ಇದ್ದದ್ದನ್ನೇ ಇಡುವುದು ಎಂದು ತೀರ್ಮಾನವಾಗಿದೆ. ಭಾವನೆಗಾಗಿ ಎಂದು ತಪ್ಪು ತಿಳಿಯಬೇಡಿ, ಬೂದಿ ಬಣ್ಣ ಮುಚ್ಚಲಿಕ್ಕೆ. ಅಂಗೈ ಬಿಚ್ಚಿ ತೋರಿಸಿದರು. ಉಗುರಿನಷ್ಟೆತ್ತರದ ಮನುಷ್ಯ, ಸಾಗುವಾನಿಯಲ್ಲಿ ಕೆತ್ತಿದ್ದು. ಪಂಚೆ, ತುಂಬು ತೋಳಿನ ಅಂಗಿ, ಹೆಗಲ ಮೇಲೆ ಟವೆಲ್ಲು, ಮುಂದೆ ಚಾಚಿದ ಕೈ.

‘ಭಾಬಿ, ಫೋಟೋದಾಗೆ ಕಾಲು ಬಂದಿಲ್ಲ. ನಿಮ್ಮಪ್ಪಾರ ಚಪ್ಪಲಿ ಎಂಥವು ಇದ್ವು?’

‘ಇರ್ಲಿಲ್ಲ’ ಎಂದೆ. ‘ಛತ್ರದಾಗೆ ಯಾರೋ ಹಾಕ್ಕೊಂಡು ಹೋಗಿದ್ರು. ಬರಿಗಾಲಾಗೆ ಬಂದಿದ್ದ.’

ಇಷ್ಟು ವರ್ಷ ಆ ದಿನದ ಬಗ್ಗೆ ಇಂಥದೊಂದು ಪ್ರಶ್ನೆ ಯಾರೂ ಕೇಳಿರಲಿಲ್ಲ. ಕೇಳಿದವರಿಗೂ ಬೇಕಾಗಿದ್ದು ಬಣ್ಣದ ಲೆಕ್ಕಾಚಾರ ಎಂದು ಗೊತ್ತಿದ್ದೇ ನನ್ನ ಕಣ್ಣು ತುಂಬಿತು. ಒಲೆ ಆರಿಸಿ ಅವರ ಹಿಂದೆ ಮಹಡಿ ಹತ್ತಿದೆ.

ಮೇಲೆ ಹೊಸ ಜಗಳ ಕಾದಿತ್ತು. ಮನುಷ್ಯನನ್ನು ಎಲ್ಲಿಗೆ ಅಂಟಿಸುವುದು. ಪ್ಲಾಟ್‌ಫಾರಮ್ಮಿಗೆ, ಅದೇ ಸರಿ ಎಂದರು ನಮ್ಮವರು. ಪ್ಲಾಟ್‌ಫಾರಮ್ಮಿಗೆ ಅಂಟಿಸಿದರೆ ಗಾಡಿ ಹೊರಟೊಡನೆ ಬೂದಿ ಬಣ್ಣ ಬಯಲಾಗುತ್ತದೆ, ಹಾಗಾದರೆ ಈ ಗಾಡಿಯನ್ನು ಓಡಿಸುವಂತೆಯೇ ಇಲ್ಲ ಎಂದು ಡಾಕ್ಟರು. ಬೋಗಿಗೇ ಅಂಟಿಸೋಣ ಎಂದರೆ ಅದಕ್ಕೆ ಸಾಕ್ಷಿ ಎಲ್ಲಿ ಎಂದು ನಮ್ಮವರು. ಒಬ್ಬ ಮನುಷ್ಯ ಬೋಗಿ ಹಿಡಿದುಕೊಂಡು ಹರಿಹರದ ತನಕ ಹೋದ ಎಂದು ಯಾವ ಫೋಟೋ ಹೇಳುತ್ತದೆ?

‘ಫೋಟೋ ಇಲ್ಲದ ಕಡೆ, ಗಾಡಿಯಾಗೆ ಕುಂತೋರ ಮಾತು ನಡೀತೈತೆ’ ಎಂದರು ರಫೀಕ್ ಸಾಹೇಬರು.

ಎಲ್ಲರೂ ನಮ್ಮವರ ಕಡೆ ನೋಡಿದರು. ನಮ್ಮವರು ಕನ್ನಡಕ ತೆಗೆದು ಒರೆಸತೊಡಗಿದರು. ಎಂಜಿನ್ ಹತ್ತಿರ ಇದ್ದವರಿಗೆ ಮಾವ ಏನು ಮಾಡಿದ ಎಂದು ಹೇಗೆ ಗೊತ್ತಿರಬೇಕು? ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಅವರು ಆ ದಿನದ ಬಗ್ಗೆ ನಾಚಿಕೊಂಡದ್ದನ್ನು ಕಂಡೆ. ನೋಡಲು ಚೆನ್ನಾಗಿತ್ತು.

‘ನೀನು ಕಿಟಕಿಯಾಗೆ ಇದ್ದೆಲ್ಲ’ ಎಂದರು ಮೆಲ್ಲಗೆ. ‘ಗಾಡಿ ಬಿಟ್ಟ ಮೇಲೆ ಮಾವ ಕೈ ತೆಗೆದ್ರಾ?’

ನಿಮಗೆ ಮಾತ್ರ ನಿಜ ಹೇಳುತ್ತೇನೆ. ಗಾರ್ಡು ಸೀಟಿ ಊದಿದ ಕೂಡಲೇ ಅಪ್ಪ ಕೈ ತೆಗೆದ. ‘ಹರಿಹರದ ತನಕ ಬಾರಪ್ಪ, ಇಪ್ಪತ್ತು ನಿಮಿಷ’ ಎಂದು ನಾನು ಕಿಟಕಿಯಿಂದ ಕೂಗಿದೆ. ಹೆಣ್ಣು ಒಪ್ಪಿಸಿದ ದಿನ ತಂದೆ ಬೆನ್ನ ಹಿಂದೆ ಹೋಗಬಾರದು ಎಂಬುದು ಪದ್ಧತಿ. ಅವನು ತಲೆಯಾಡಿಸಿ ಹಿಂದೆ ಸರಿದು ನಿಂತ. ಆಮೇಲೆ ಒಂದು ದಿನ ಬರುತ್ತೇನೆ, ಭಟ್ಟಿಗೆ ಬಿಡುವಾಗಲಿ ಎನ್ನುತ್ತಿದ್ದ. ನಾನೇ ತವರಿಗೆ ಬಂದು ನೋಡಿಕೊಂಡು ಹೋಗುತ್ತಿದ್ದೆ. ಭಟ್ಟಿಗೆ ಬಿಡುವಾಗಲಿಲ್ಲ. ಆ ವರ್ಷವೇ ಅಪ್ಪ ತೀರಿಕೊಂಡ. ಮಗಳ ಮನೆಯ ಹೊಸ್ತಿಲನ್ನು ನೋಡಲಿಲ್ಲ, ಹದಿನಾಲ್ಕು ಕಿಲೋಮೀಟರು ಬರಲಿಲ್ಲ.

‘ತೆಗೀಲಿಲ್ಲ’ ಎಂದೆ. ‘ಹರಿಹರದ ತನಕ ತೆಗೀಲಿಲ್ಲ.’

ಮೊಳೆಗೂ ಸಾಕ್ಷಿ ಕೇಳುವ ಕೋಣೆ ಅದು. ಡಾಕ್ಟರು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು, ಮೆಟ್ಟಿಲ ಮೇಲೆ ನಿಂತಿದ್ದರೇ, ಯಾರೂ ಬೈಯಲಿಲ್ಲವೇ ಎಂದು ಶುರುಮಾಡಿದರು. ನಾನು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನನಗೆ ಹೊಳೆಯಿತು, ಈ ಕೋಣೆಯಲ್ಲಿ ಇನ್ನೊಬ್ಬರು ಸಾಕ್ಷಿ ಇದ್ದಾರೆ. ಅಂದು ಹಾರ ಹಿಡಿದು ಹರಿಹರದ ಪ್ಲಾಟ್‌ಫಾರಮ್ಮಿನಲ್ಲಿ ಬೋಗಿಯಿಂದ ಬೋಗಿಗೆ ಓಡಾಡಿದವರು, ಆ ಗಾಡಿಯಿಂದ ಯಾರು ಇಳಿದರು ಯಾರು ಇಳಿಯಲಿಲ್ಲ ಎಂದು ಪ್ರತಿಯೊಂದು ಬಾಗಿಲನ್ನೂ ನೋಡಿದವರು. ಒಂದು ಸಾಲು ಮೊಳೆಗೆ ಮಳೆಗಾಲ ಪೂರ್ತಿ ಮಾತು ಬಿಟ್ಟವರು.

ರಫೀಕ್ ಸಾಹೇಬರು ನನ್ನ ಮುಖ ನೋಡಿದರು. ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಆಮೇಲೆ ಅಂಟಿನ ಟ್ಯೂಬಿನ ಮುಚ್ಚಳ ತಿರುವುತ್ತ, ‘ಖರೆ ಐತೆ. ನಾ ಹರಿಹರ ಸ್ಟೇಷನ್ನಾಗೆ ಇದ್ದೆ. ಯಜಮಾನ್ರು ಇಳಿದ್ರು, ನಾ ಕಣ್ಣಾರೆ ನೋಡೀನಿ’ ಎಂದರು.

ಇಬ್ಬರು ಸಾಕ್ಷಿಗಳಾದ ಮೇಲೆ ಕೇಳುವುದೇನಿದೆ. ಅಪ್ಪನನ್ನು ಬೋಗಿಗೆ ಅಂಟಿಸಿದರು, ಬರಿಗಾಲಿನಲ್ಲಿ. ಅಂಟು ಒಣಗುವ ತನಕ ರಫೀಕ್ ಸಾಹೇಬರು ಅವನನ್ನು ಬೆರಳ ತುದಿಯಲ್ಲಿ ಒತ್ತಿ ಹಿಡಿದಿದ್ದರು. ಆಮೇಲೆ ಡಾಕ್ಟರು ಸ್ವಿಚ್ ಒತ್ತಿದರು. ಗಾಡಿ ದಾವಣಗೆರೆ ಬಿಟ್ಟಿತು. ಮೇಜಿನ ಉದ್ದಕ್ಕೂ ನಮ್ಮಪ್ಪ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು, ರೈಲ್ವೆಯ ಎಲ್ಲ ನಿಯಮಗಳನ್ನೂ ಮುರಿದು, ಬೋಗಿ ಹಿಡಿದುಕೊಂಡು ಬಂದ. ಹರಿಹರದಲ್ಲಿ ಗಾಡಿ ನಿಂತಾಗ ಎಂಜಿನ್ನು ನನ್ನವರ ಮೂಗಿನ ನೇರಕ್ಕೇ ಬಂದು ನಿಂತಿತ್ತು. ಅವರು ಅದನ್ನು ದಾಟಿ ಬೋಗಿಯ ಹತ್ತಿರ ಬಂದರು, ಮೊಣಕಾಲು ಮಡಚಿ ಬಗ್ಗಿ, ಆ ಉಗುರಿನಷ್ಟೆತ್ತರದ ಮನುಷ್ಯನಿಗೆ, ‘ಬರ್ರಿ ಮಾವಾರೆ, ಹರಿಹರ ಬಂತು’ ಎಂದರು.